ನಿನ್ನ ಅಂಕಿ

ಅಕ್ಕಾ,

ಇಂದು ಅಮ್ಮನಿಗೆ ಎಪ್ಪತ್ತು ತುಂಬಿತು. ಕೇಕು ಬೇಡ, ಎಲ್ಲರೂ ಸೇರಿ ಸಮುದ್ರದ ದಡದ ಕಸ ಹೆಕ್ಕೋಣ, ಆಮೇಲೆ ಎರಡು ದಿನ ಅಲ್ಲೇ ಇರೋಣ ಎಂದು ಹಟ ಹಿಡಿದಳು. ಚಿಕ್ಕಂದಿನಲ್ಲಿ ನಿನ್ನನ್ನು ಇಲ್ಲಿನ ಅಲೆ ನನ್ನ ಕೈಯಿಂದ ಎಳೆದೊಯ್ದ ಮೇಲೆ ಅವಳು ಇತ್ತ ತಲೆ ಹಾಕಿರಲಿಲ್ಲ. ಈಗೇಕೆ ಎಂದು ಕೇಳಿದರೆ, "ಅವಳಿರೋ ಜಾಗ ಚೊಕ್ಕಟವಾಗಿರ್ಲಿ" ಎಂದಳು.

ಸ್ವಯಂಸೇವಕರ ಜೊತೆ ನಾವೂ ಚೀಲ ಹಿಡಿದು ಹೊರಟೆವು. "ಮನೇಲಿ ಪೊರಕೆ ಮುಟ್ಟದವನಿಗೆ ಊರ ಕಸ ಗಂಟುಬಿತ್ತು" ಎಂದು ಅಪ್ಪ ಗೊಣಗುತ್ತಿದ್ದರು. ಅಷ್ಟರಲ್ಲಿ ಮಂಜು ಕವಿದು ಪಕ್ಕದವರೂ ಕಾಣದಂತಾಯಿತು. ಅಪ್ಪ "ಒಂದು" ಎಂದು ಕೂಗಿದರು. ನೆನಪಿದೆಯಲ್ಲ, ಗುಂಪಿನಲ್ಲಿ ಯಾರೂ ತಪ್ಪಿಹೋಗದಿರಲೆಂದು ಅವರವರ ಅಂಕಿ ಕೂಗುತ್ತಿದ್ದೆವು. ಅಮ್ಮ "ಎರಡು" ಎಂದಳು. ನಿನ್ನ ಮೂರಕ್ಕೆ ನಾವು ಈಗಲೂ ಒಂದು ಉಸಿರು ಕಾಯುತ್ತೇವೆ. ಆಮೇಲೆ ನಾನು ನಾಲ್ಕು, ನನ್ನ ಮಗಳು ಐದು.

ಇಂದು ಹಾಗೆ ಕಾಯುವಾಗ, ನೀರಿನ ಕಡೆಯಿಂದ ಎಳೆಯ ದನಿಯೊಂದು "ಮೂರು" ಎಂದಿತು.

"ಬಂದೆ ಮಗಳೇ" ಎಂದು ಅಮ್ಮ ಓಡಿದ್ದು ಕೇಳಿಸಿತು, ಹಿಂದೆಯೇ ನೀರು ಚಿಮ್ಮಿದ ಸದ್ದು. ನನ್ನ ಕೈಗೆ ಸೆರಗು ಸಿಕ್ಕಾಗ ಅವಳು ಎದೆಮಟ್ಟದ ನೀರಿನಲ್ಲಿದ್ದಳು.

ದಡಕ್ಕೆ ಎಳೆತಂದಾಗ ಅಲ್ಲಿ ನನ್ನ ಮಗಳು ನಿಂತಿದ್ದಳು. "ಮೂರು ಅಂತ ಯಾರೂ ಹೇಳೋದೇ ಇಲ್ವಲ್ಲ, ಅದಕ್ಕೆ ನಾನೇ ಹೇಳ್ದೆ."

ನಾಳೆಯೂ ಹೋಗಬೇಕಂತೆ, ಅಮ್ಮ ಒದ್ದೆ ಚೀಲವನ್ನು ಆಗಲೇ ಒಣಹಾಕಿದ್ದಾಳೆ. ಮಗಳಿಗೆ ಐದೇ ಹೇಳು ಎಂದಿದ್ದೇನೆ. ನಿನ್ನ ಅಂಕಿ ಬರುವ ಹೊತ್ತಿಗೆ ಅಮ್ಮನ ಕೈ ಹಿಡಿದು ನಿಂತಿರುತ್ತೇನೆ.

ಈ ಸಲ ಬಿಡುವುದಿಲ್ಲ.