ಒಂದು ಪದರ ಕಡಿಮೆ

ಜೂನ್ 3

ಬರೆಯಬೇಕಂತೆ. ನಲವತ್ತೊಂದು ವರ್ಷ ಟ್ರಾನ್ಸ್‌ಫಾರ್ಮರಿಗೆ ತಂತಿ ಸುತ್ತಿದ ಕೈಗೆ ಈಗ ಪೆನ್ನು. ಎಷ್ಟು ಕೆಲಸ ಮಾಡಿದೆ ಎಂದು ದಿನಾ ಎಣಿಸಿ ಬರೆದಿಡಬೇಕು — ತಮ್ಮನ ಹುಕುಂ. ಅಂಗಡಿ ಅವನದು, ಹುಕುಮೂ ಅವನದೇ. ಐದನೇ ಕ್ಲಾಸಿಗೆ ಶಾಲೆ ಬಿಟ್ಟದ್ದೇ ಈ ಬರೆಯುವ ಪೀಡೆ ತಪ್ಪಲಿ ಎಂದು.

ಇದೆಲ್ಲ ಶುರುವಾದದ್ದು ಹಲ್ಲಿನ ಡಾಕ್ಟರಮ್ಮನ ಕುರ್ಚಿ ದೀಪದಿಂದ. ಇಪ್ಪತ್ತನಾಲ್ಕು ವೋಲ್ಟಿನದು. ನಾವು ಸುತ್ತಿಕೊಟ್ಟ ಟ್ರಾನ್ಸ್‌ಫಾರ್ಮರ್ ಹಾಕಿದ ಮೇಲೆ ಎರಡು ವಾರಕ್ಕೆ ಮೂರು ಬಲ್ಬ್ ಹೋದವು. ವಾಪಸ್ ತರಿಸಿ ಮೀಟರ್ ಇಟ್ಟರೆ ಇಪ್ಪತ್ತಾರೂವರೆ ದಾಟುತ್ತಿದೆ. ಇಪ್ಪತ್ತನಾಲ್ಕರ ಕಡೆ ಸುತ್ತಿದವಳು ನಾನು. ಅಲ್ಲಿಗೆ ತೀರ್ಪಾಯಿತು.

"ಅಕ್ಕಂಗೆ ಎಣಿಕೆ ತಪ್ಪಿದೆ ಡಾಕ್ಟ್ರೇ, ವಯಸ್ಸಾಯ್ತಲ್ಲ." ತಮ್ಮ ಫೋನಿನಲ್ಲಿ ಅಂದ. ನಾನು ಎದುರಿಗೇ ಕೂತಿದ್ದೆ, ಗೋಡೆ ಗಡಿಯಾರದ ಹಾಗೆ.

ಸೋಮವಾರದಿಂದ ನಾನು, ತಂತಿಯ ಪದರಗಳ ನಡುವೆ ಇಡುವ ಕಾಗದ ಕತ್ತರಿಸುವ ಮೇಜಿಗೆ. ನನ್ನ ಜಾಗಕ್ಕೆ ಬೇರೆ ಯಾರೋ.

ನೋಟ್‌ಬುಕ್ ಕೊಟ್ಟವಳು ತಮ್ಮನ ಮಗಳು. "ಅತ್ತೆ, ಕೆಲಸ ಮುಂದಿನ ಪುಟದಿಂದ ಬರಿ. ಬೈಗುಳ ಹಿಂದಿನ ಪುಟದಿಂದ." ಇದು ಹಿಂದಿನ ಪುಟ.

ಜೂನ್ 4

ಟ್ರಾನ್ಸ್‌ಫಾರ್ಮರ್ ಬಿಚ್ಚಿ ಸುತ್ತು ಎಣಿಸು ಎಂದೆ ತಮ್ಮನಿಗೆ.

"ತಂತಿ ಹಾಳಾಗುತ್ತೆ ಅಕ್ಕ."

"ನನ್ನ ಹೆಸರು ಹಾಳಾಗಿದೆ. ತಂತಿ ದೊಡ್ಡದಾ ನಿಂಗೆ?"

ಎದ್ದು ಹೋದ. ನಾಲ್ಕು ದಿನ ಕಾಯಿಸುತ್ತಾನೆ, ನೋಡುತ್ತಿರಿ... ಯಾರಿಗೆ ಹೇಳುತ್ತಿದ್ದೇನೋ.

ಜೂನ್ 6, ಸಂಜೆ

ತಮ್ಮನ ಮಗಳು ಬಂದಿದ್ದಳು. ಶಾಲೆಯಲ್ಲಿ ವಿಜ್ಞಾನದ ಟೀಚರ್.

"ಅತ್ತೆ, ನಾಳೆ ಟ್ರಾನ್ಸ್‌ಫಾರ್ಮರ್ ಪಾಠ ಮಾಡ್ಬೇಕು. ಒಳಗೆ ತಂತಿಯ ಎರಡು ಕಾಯಿಲ್ ಒಂದಕ್ಕೊಂದು ಮುಟ್ಟೋದೇ ಇಲ್ಲ. ಕರೆಂಟ್ ಹೇಗೆ ದಾಟುತ್ತೆ?"

"ದಾಟಲ್ಲ ಕಣೇ. ದಾಟುತ್ತೆ ಅಂತ ನಿನ್ನ ಪುಸ್ತಕದಲ್ಲಿದ್ರೆ ಆ ಹಾಳೆ ಹರಿದು ಹಾಕು."

ಹೇಳಿಕೊಟ್ಟೆ. ಮೊದಲ ಕಾಯಿಲಿನಲ್ಲಿ ಕರೆಂಟು ಸೆಕೆಂಡಿಗೆ ಐವತ್ತು ಸಲ ಹೋಗಿ ಬರುತ್ತದೆ. ಅದರ ಜೊತೆ ನಡುವಿನ ಕಬ್ಬಿಣದ ಕಾಂತಶಕ್ತಿಯೂ ಏರಿ, ಇಳಿದು, ತಿರುಗುಮುರುಗಾಗುತ್ತದೆ. ಆ ಏರಿಳಿತ ಎರಡನೇ ಕಾಯಿಲನ್ನು ಸುಮ್ಮನೆ ಕೂರಲು ಬಿಡುವುದಿಲ್ಲ — ಅಲ್ಲೂ ವೋಲ್ಟ್ ಎಬ್ಬಿಸುತ್ತದೆ. ಒಂದೊಂದು ಸುತ್ತಿಗೂ ಇಷ್ಟು ವೋಲ್ಟ್ ಎಂದು ಪಾಲು. ಡಾಕ್ಟರಮ್ಮನ ಟ್ರಾನ್ಸ್‌ಫಾರ್ಮರಿನ ಕಬ್ಬಿಣದ ಅಳತೆಗೆ ನಾಲ್ಕು ಸುತ್ತಿಗೆ ಒಂದು ವೋಲ್ಟ್. ಇನ್ನೂರ ಮೂವತ್ತು ಬರುವ ಕಡೆ ಒಂಬೈನೂರ ಇಪ್ಪತ್ತು ಸುತ್ತು. ಇಪ್ಪತ್ತನಾಲ್ಕು ಬೇಕಾದ ಕಡೆ ತೊಂಬತ್ತಾರು.

"ಬ್ಯಾಟರಿ ಕೊಟ್ರೆ?"

"ಕೊಟ್ಟಾಗೊಮ್ಮೆ, ತೆಗೆದಾಗೊಮ್ಮೆ ಎರಡನೇದು ಬೆಚ್ಚಿಬೀಳುತ್ತೆ. ನಡುವೆ ಬರೀ ಬಿಸಿ. ಈ ಕಡೆ ಬದಲಾಗ್ತಾ ಇದ್ರೇನೇ ಆ ಕಡೆಗೆ ಗೊತ್ತಾಗೋದು."

"ಅಪ್ಪ ಬದಲಾಗಲ್ಲ. ಅದಕ್ಕೇ ನಿಂಗೆ ಬರೀ ಬಿಸಿ."

ನಗು ಬಂತು. ತೋರಿಸಿಕೊಳ್ಳಲಿಲ್ಲ.

ಅವಳು ಹೋದ ಮೇಲೆ ಕೂತು ಯೋಚಿಸಿದೆ. ಇನ್ನೂರ ಮೂವತ್ತರ ಕಡೆ ಸುತ್ತು ಕಡಿಮೆಯಾದರೂ ನನ್ನ ಕಡೆ ವೋಲ್ಟ್ ಏರುತ್ತದೆ. ಅದೇ ಇನ್ನೂರ ಮೂವತ್ತನ್ನು ಕಡಿಮೆ ಸುತ್ತು ಹಂಚಿಕೊಂಡರೆ ಒಂದೊಂದಕ್ಕೂ ಪಾಲು ಹೆಚ್ಚು. ನನ್ನ ತೊಂಬತ್ತಾರಕ್ಕೂ ಅದೇ ಹೆಚ್ಚಿನ ಪಾಲು. ಇಷ್ಟು ವರ್ಷದಿಂದ ಗೊತ್ತಿದ್ದದ್ದೇ. ಮೊನ್ನೆ ಯಾಕೆ ಬಾಯಿಗೆ ಬರಲಿಲ್ಲ? ಆ ಕಡೆ ಸುತ್ತಿದವನು ತಮ್ಮ. ಅವನ ಕೈ ಮೇಲೆ ಅನುಮಾನ ಪಟ್ಟವಳೇ ಅಲ್ಲ ನಾನು.

ಜೂನ್ 9, ನಾಲ್ಕು ಗಂಟೆ

ಬಿಚ್ಚಿದೆವು. ತಮ್ಮ ಕಬ್ಬಿಣದ ಪಟ್ಟಿ ಕಳಚಿ ಕಾಯಿಲ್ ಹೊರಗೆ ತೆಗೆದ. ಮೇಲಿನದು ನನ್ನದು, ಅದೇ ಮೊದಲು. ನಾನು ಬಿಚ್ಚುತ್ತಾ ಹೋದೆ, ಅವನು ಎಣಿಸಿದ. ಎಪ್ಪತ್ತು ದಾಟಿದ ಮೇಲೆ ಕೈ ನಿಧಾನವಾಯಿತು. ನಿಜಕ್ಕೂ ತಪ್ಪಿದ್ದರೆ? ಕನ್ನಡಕ ಒರೆಸಿಕೊಂಡು ಮತ್ತೆ ಬಿಚ್ಚಿದೆ.

ತೊಂಬತ್ತಾರು.

"ಸರಿ, ಹಾಗಾದ್ರೆ ಮೀಟರ್ ಕೆಟ್ಟಿರ್ಬೇಕು. ಬಿಡು ಅಕ್ಕ."

"ಒಳಗಿನದೂ ಬಿಚ್ಚು."

ಒಳಗಿನದು ಅವನದು. ಪದರಕ್ಕೆ ತೊಂಬತ್ತೆರಡು ಸುತ್ತು, ಪದರಕ್ಕೊಂದು ಕಾಗದ, ಹತ್ತು ಪದರ ಇರಬೇಕು. ಒಂಬತ್ತಿತ್ತು. ನಡುವೆ ಒಂದು ಕಡೆ ಕಾಗದದ ಮೇಲೇ ಕಾಗದ. ಫೋನ್ ಬಂದಿರಬೇಕು, ಎದ್ದು ಹೋಗಿ ಬಂದು ಇನ್ನೊಂದು ಕಾಗದ ಹಾಕಿದ್ದಾನೆ. ಆಮೇಲೆ ಕಾಗದ ಎಣಿಸಿ ಹತ್ತು ಎಂದುಕೊಂಡಿದ್ದಾನೆ. ಕೊಡುವ ದಿನ ಮೀಟರೂ ಹೆಚ್ಚು ತೋರಿಸಿತ್ತಂತೆ. ದೀಪದ ಲೋಡ್ ಬಿದ್ದರೆ ವೋಲ್ಟ್ ಇಳಿಯುತ್ತದೆ ಎಂದುಕೊಂಡನಂತೆ.

ಅವನ ಮುಖ ಸಣ್ಣದಾಯಿತು. ಬೈಯಲಿಲ್ಲ ನಾನು. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು.

ನನ್ನದೂ ಒಂದಿದೆ. ಮೇಲೆ ಸುತ್ತುವ ಮುಂಚೆ ಪಕ್ಕದಿಂದ ನೋಡಿ ಒಳಗಿನ ಪದರ ಎಣಿಸುವುದು ವಾಡಿಕೆ. ತಮ್ಮನ ಕೆಲಸ ಎಂದು ನೋಡಲಿಲ್ಲ.

ಜೂನ್ 14

ಹೊಸದು ಸುತ್ತಿ ಕೊಟ್ಟಾಯಿತು. ಒಯ್ಯಲು ಡಾಕ್ಟರಮ್ಮನೇ ಬಂದಿದ್ದರು. ಒಳ್ಳೆ ಹೆಂಗಸು. ನನ್ನ ಭುಜ ಮುಟ್ಟಿ, "ಬೇಜಾರ್ ಮಾಡ್ಕೋಬೇಡಿ ಅಮ್ಮ. ವಯಸ್ಸಾದ್ಮೇಲೆ ಎಲ್ರಿಗೂ ಮರೆವು ಬರುತ್ತೆ," ಎಂದರು.

ತಮ್ಮನ ಕಡೆ ನೋಡಿದೆ. ಒಂದು ಸ್ಕ್ರೂ ಹಿಡಿದು, ಜನ್ಮದಲ್ಲಿ ಸ್ಕ್ರೂ ಕಾಣದವನ ಹಾಗೆ ತಿರುಗಿಸಿ ನೋಡುತ್ತಿದ್ದ. ಅವರು ಮೆಟ್ಟಿಲಿಳಿದು, ಕಾರು ಹೊರಡುವವರೆಗೂ ನೋಡುತ್ತಿದ್ದ.

ನಾನೇ ಹೇಳಬಹುದಿತ್ತು. ನಾನು ಹೇಳಿದರೆ ಮುದುಕಿಯ ಹಟ. ಅವನು ಹೇಳಿದರೆ ಮಾತು.

"ಏನೋ, ಅವರಿಗೆ ಹೇಳಲ್ವಾ?" ಎಂದೆ.

"ನೋಡೋಣ ಅಕ್ಕ."

ಜೂನ್ 15, ಬೆಳಿಗ್ಗೆ

ಕಾಗದದ ಮೇಜಿಗೆ ಹೋಗಿಲ್ಲ. ನನ್ನ ಸ್ಟೂಲಿನ ಮೇಲೇ ಕೂತಿದ್ದೇನೆ. ಈ ಹಾಳೆಯೊಂದನ್ನು ಹರಿದು ಅವನ ಮೀಟರ್ ಕೆಳಗೆ ಇಡುತ್ತೇನೆ.

ತಮ್ಮಾ, ಪದರ ನೋಡದೆ ಸುತ್ತಿದ್ದು ನನ್ನ ತಪ್ಪು, ಅದನ್ನು ಡಾಕ್ಟರಮ್ಮನಿಗೆ ನಾನೇ ಹೇಳುತ್ತೇನೆ. ಪದರ ಬಿಟ್ಟದ್ದು ನೀನು, ಅದನ್ನು ನೀನು ಹೇಳಬೇಕು. ಇಬ್ಬರೂ ಒಟ್ಟಿಗೆ ಹೋಗೋಣ. ಬರುತ್ತೀಯೋ ಇಲ್ಲವೋ, ಇಪ್ಪತ್ತನೇ ತಾರೀಖು ಸಂಜೆಯೊಳಗೆ ಉತ್ತರ ಬೇಕು. ನೋಡೋಣ ಅನ್ನುವುದು ಉತ್ತರವಲ್ಲ.