ಅಮ್ಮ ಆರಿಸಿದ ಹೋದ ವರ್ಷದ ಬೈಕ್

ಅಪ್ಪಾ,

ನೀವು ತೀರಿಕೊಂಡು ಎರಡು ವರ್ಷವಾಯಿತು, ಈ ಪತ್ರ ನಿಮಗೆ ಮುಟ್ಟುವುದಿಲ್ಲ. ಆದರೂ ಹೇಳದೆ ಇರಲಾರೆ. ಇವತ್ತು ಅಮ್ಮ ಬೈಕ್ ಕೊಂಡಳು, ತಾನೇ ಓಡಿಸುವುದಕ್ಕೆ! ಆರು ತಿಂಗಳಿಂದ ಕಲಿತು ಲೈಸೆನ್ಸ್ ಕೂಡ ಮಾಡಿಸಿಕೊಂಡಿದ್ದಾಳೆ.

ನಮ್ಮ ಸೋಲೋ ಊರಿನ ಪೇಟೆಯ ಬೈಕ್ ಅಂಗಡಿಯಲ್ಲಿ ಎರಡಿದ್ದವು. ಒಂದು ಈ ವರ್ಷದ್ದು, ಇನ್ನೊಂದು ಮಾರಾಟವಾಗದೆ ಉಳಿದ ಹೋದ ವರ್ಷದ್ದು. ನಾನು ಹೊಸದನ್ನೇ ತೋರಿಸಿದೆ. ಅಮ್ಮ ಎರಡನ್ನೂ ಹತ್ತಿ ನೋಡಿದಳು. ಹೊಸದರ ಸೀಟು ಎತ್ತರ, ಕಾಲು ನೆಲಕ್ಕೆ ಎಟುಕಲಿಲ್ಲ. ಹೋದ ವರ್ಷದ್ದೇ ಇರಲಿ ಎಂದಳು.

"ಹಳೇದಕ್ಕೆ ಮುಂದೆ ಮಾರೋವಾಗ ಬೆಲೆ ಬರಲ್ಲಮ್ಮಾ," ಎಂದ ಅಂಗಡಿಯ ಸುಗಿಯಾರ್ತೊ.

"ಮಾರೋಕಲ್ಲಪ್ಪ, ಓಡ್ಸೋಕೆ. ಐವತ್ತೆಂಟರ ನಾನೇ ಓಡಾಡ್ಕೊಂಡಿದ್ದೀನಿ, ಒಂದು ವರ್ಷದ್ದು ನಿನಗೆ ಹಳೇದಾ?"

ನನ್ನನ್ನು ಹಿಂದೆ ಕೂರಿಸಿಕೊಂಡು ಕಿರುಚುತ್ತಲೇ ಅಂಗಡಿಯ ಮುಂದಿನ ಅಂಗಳದಲ್ಲಿ ಎರಡು ಸುತ್ತು ಹೊಡೆದಳು. "ಕಲಿಸಿ ಅಂತ ನಿಮ್ಮಪ್ಪನ್ನ ಎಷ್ಟು ಕೇಳಿದ್ದೆ! 'ನಾನಿದ್ದೀನಲ್ಲ' ಅಂತ ನಗ್ತಿದ್ರು," ಎಂದು ತಾನೂ ನಕ್ಕಳು.

ನಾನು ಹೆದರಿ ಅವಳ ಸೊಂಟ ತಬ್ಬಿಕೊಂಡಿದ್ದೆ. ನೀವು ಬಾಡಿಗೆ ಬೈಕಿನವರ ಜಾಕೆಟ್ ತೊಟ್ಟು ನನ್ನನ್ನು ಕಾಲೇಜಿಗೆ ಬಿಡುವಾಗ, ನಾನೂ ಬಾಡಿಗೆ ಕೊಟ್ಟು ಹತ್ತಿದವಳ ಹಾಗೆ ಹಿಂದಿನ ಕಂಬಿ ಹಿಡಿದು ಕೂರುತ್ತಿದ್ದೆ. ಒಂದು ಬೀದಿ ಮುಂಚೆಯೇ ಇಳಿದುಬಿಡುತ್ತಿದ್ದೆ. ಯಾಕೆಂದು ನೀವು ಒಮ್ಮೆಯೂ ಕೇಳಲಿಲ್ಲ.

ನಾಳೆ ಅಮ್ಮ ನನ್ನನ್ನು ಆಫೀಸಿಗೆ ಬಿಡುತ್ತಾಳಂತೆ. ಬಾಗಿಲವರೆಗೂ ಬಾ ಎಂದಿದ್ದೇನೆ.

ನಿಮ್ಮ ಮಗಳು,
ವೆನಿಂಗ್