ಉಪ್ಪಿಲ್ಲದ ಉಪ್ಸಾರು

ನಂಜನಗೂಡು
ಸೋಮವಾರ, 10 ಫೆಬ್ರವರಿ 2025

ಪ್ರೀತಿಯ ಮಂಗಳಕ್ಕಾ,

ಮಂಡಿನೋವು ಹೇಗಿದೆ? ಎಣ್ಣೆ ಹಚ್ಚಿ ಬಿಸಿನೀರು ಹುಯ್ದುಕೊಳ್ಳುತ್ತಿದ್ದೀಯೋ, ಇಲ್ಲ ನರಸೀಪುರಕ್ಕೆಲ್ಲ ಔಷಧಿ ಹೇಳಿ ನೀನು ಕುಂಟುತ್ತಿದ್ದೀಯೋ? ನನ್ನ ಕ್ಷೇಮದ ಬಗ್ಗೆ ಇಷ್ಟು ದಿನ ಬರೆದದ್ದೆಲ್ಲ ಪ್ರಾಸ. ಇವತ್ತು ಗದ್ಯ. ದನಿ ಪೂರ್ತಿ ಕೂತಿದೆ, ಫೋನಿನಲ್ಲಿ ಹೇಳಲಾಗದು.

ಗಂಟಲ ಕ್ಯಾನ್ಸರಿಗೆ ಮೈಸೂರಿನಲ್ಲಿ ಕರೆಂಟು, ಅಂದರೆ ರೇಡಿಯೇಷನ್, ಕೊಡಲು ಶುರುಮಾಡಿದಾಗ, ನೋಡಲು ಬರಬೇಡ ಎಂದು ನಿನ್ನನ್ನು ತಡೆದವನು ನಾನೇ. ನೀನು ಬರಲಿಲ್ಲ, ಕ್ಯಾರಿಯರ್ ಬಂತು. ದಿನಾ ಬೆಳಗಿನ ಬಸ್ಸಿನಲ್ಲಿ, ಕಂಡಕ್ಟರ್ ರಂಗಸ್ವಾಮಿಯ ಕೈಲಿ, ಮುದ್ದೆ, ಉಪ್ಸಾರು, ಖಾರ. ತುಂಬಿ ಬಂದ ಪಾತ್ರೆಯನ್ನು ಬರಿದಾಗಿ ಕಳಿಸಬಾರದು ಎಂಬುದು ಅವ್ವನ ಕಟ್ಟಳೆಯಲ್ಲವೇ? ಬೇರೆಯವರು ಒಂದು ಹಿಡಿ ಸಕ್ಕರೆ ಹಾಕಿ ಕಳಿಸುತ್ತಾರೆ. ನಾನು ಚೀಟಿ ಹಾಕಿದೆ:

ಅಕ್ಕ ಕಳಿಸಿದ ರಾಗಿ ಮುದ್ದೆ,
ಉಂಡ ತಮ್ಮನಿಗೆ ಸುಖ ನಿದ್ದೆ.

ಆ ಮುದ್ದೆ ಉಂಡವಳು ನನ್ನವಳು, ನಿನ್ನ ನಾದಿನಿ ಪವಿತ್ರ. ಚೆಲ್ಲಲು ಮನಸ್ಸಾಗದೆ ಅಳುತ್ತಲೇ ಉಂಡಳು. ನಾನು ಕಳೆದುಕೊಂಡ ಒಂಬತ್ತು ಕೇಜಿಯಲ್ಲಿ ಮೂರನ್ನಾದರೂ ಮನೆಯಲ್ಲೇ ಉಳಿಸಿದ್ದಾಳೆ. ಎರಡು ವಾರದಿಂದ ನನ್ನ ಗಂಟಲಲ್ಲಿ ಇಳಿದದ್ದು ನೀರುಮಜ್ಜಿಗೆ ಮಾತ್ರ, ಅದೂ ಚಮಚ ಚಮಚವಾಗಿ, ಮುಳ್ಳು ನುಂಗಿದ ಹಾಗೆ. ನಾನು ಹೊಗಳಿದಷ್ಟೂ ನಿನಗೆ ಹುರುಪು. ಎರಡಂತಸ್ತಿನ ಕ್ಯಾರಿಯರ್ ಮೂರಂತಸ್ತಾಯಿತು.

ಹೊಟ್ಟೆಗೇ ಒಂದು ನಳಿಕೆ ಇಡೋಣ, ಗಂಟಲು ಮಾಯುವ ತನಕ ಅದರಲ್ಲೇ ಆಹಾರ ಎಂದು ಡಾಕ್ಟರು ಹತ್ತು ದಿನದಿಂದ ಹೇಳುತ್ತಿದ್ದರು. ಕರೆಂಟು ಕೊಡುವಾಗ ಮುಖಕ್ಕೆ ಬಿಗಿಯುವ ಅಚ್ಚು ಈಗಾಗಲೇ ಸಡಿಲವಾಗಿದೆ. ತೂಕ ಇನ್ನೂ ಇಳಿದರೆ ಚಿಕಿತ್ಸೆ ನಿಲ್ಲಿಸಬೇಕಾಗುತ್ತದಂತೆ. ನಿಲ್ಲಿಸಿದರೆ ಲಾಭ ಗಡ್ಡೆಗೆ. ಆದರೂ ನಾನು ಒಪ್ಪಲಿಲ್ಲ. ನಳಿಕೆ ಎಂದೊಡನೆ ಅಪ್ಪ ನೆನಪಾದರು. ಅವರ ಮೂಗಿಗೆ ಹಾಕಿದ ನಾಲ್ಕನೆಯ ದಿನ ನಮ್ಮೂರು ಕಳಲೆಯಲ್ಲಿ ಮಣ್ಣು ಮಾಡಿದೆವಲ್ಲ. ಪವಿತ್ರ ರೇಗಿದಳು: “ಮಾವಾರ್ಗೆ ಕೊನೇಗಾಲ್ದಲ್ಲಿ ಹಾಕುದ್ರು ಕಣ್ರೀ. ನಿಮ್ಗೆ ಬದುಕ್ಲಿ ಅಂತ ಹಾಕ್ತಾವ್ರೆ. ಯತ್ವಾಸ ಗೊತ್ತಾಗಲ್ವಾ, ಬಿ.ಎ. ಓದ್ದೋರ್ಗೆ?” ನಾನು ಗೋಡೆ ಕಡೆ ತಿರುಗಿ ಮಲಗಿದೆ.

ಗುರುವಾರದ ಚೀಟಿಯಲ್ಲಿ ‘ಉಪ್ಪು ಹದ, ಖಾರ ಮುದ’ ಎಂದು ಬರೆದೆ. ಶುಕ್ರವಾರ ಬಸ್‌ಸ್ಟ್ಯಾಂಡಿನಲ್ಲಿ ಕೈಗೆ ಬಂದ ಕ್ಯಾರಿಯರ್ ಹಗುರವಾಗಿತ್ತು. ಮೇಲೆರಡು ಖಾಲಿ. ಕೆಳಗಿನದರಲ್ಲಿ ಒಂದು ಹಿಡಿ ಕಲ್ಲುಪ್ಪು. ರಂಗಸ್ವಾಮಿ ತಲೆ ಕೆರೆದುಕೊಂಡ: “ನಿನ್ನೆ ಸಾರ್ಗೆ ಉಪ್ಪಾಕೋದೇ ಮರ್ತೋಗಿದ್ರಂತೆ ಸಾ. ನಿಮ್ ಚೀಟಿ ಓದ್ಕಂಡು ಅಲ್ಲೇ ಕಲ್‌ಬೆಂಚ್ ಮೇಲ್ ಕುಂತ್ಬುಟ್ರು. ಇನ್ಮೇಲೆ ನನ್ ಕೈಲಿ ಸುಳ್ ಸಾಗ್ಸಬ್ಯಾಡಿ, ಲಗೇಜ್ ಚಾರ್ಜ್ ಆಕ್ತೀನಿ.”

ನಗಲು ಹೋಗಿ ಗಂಟಲು ಉರಿದು ಕಣ್ಣಲ್ಲಿ ನೀರು ಬಂತು. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು ಒಂದಕ್ಷರ ಬರೆಯದೆ ನನ್ನ ಅಷ್ಟೂ ಪ್ರಾಸಕ್ಕೆ ಉತ್ತರ ಕೊಟ್ಟೆ. ಎರಡು ದಿನ ಮುಖ ಮುಚ್ಚಿಕೊಂಡಿದ್ದೆ. ನಿನ್ನನ್ನು ನಂಬಿಸಲು ಹೋಗಿ ನಾನೇ ನಂಬಿಬಿಟ್ಟಿದ್ದೆ ಅಕ್ಕಾ, ಉಣ್ಣುತ್ತಿದ್ದೇನೆ ಎಂದು. ಇವತ್ತು ಮೈಸೂರಿನಲ್ಲಿ ಒಪ್ಪಿಗೆಗೆ ಸಹಿ ಹಾಕಿ ಬಂದೆ. ಬುಧವಾರ ನಳಿಕೆ ಇಡುತ್ತಾರೆ. ನಿನ್ನ ಉಪ್ಪು ದಂಡವಾಗಿಲ್ಲ. ಪವಿತ್ರ ಅದನ್ನೇ ನೀರಿಗೆ ಹಾಕಿ ಬಾಯಿ ಮುಕ್ಕಳಿಸಲು ಕೊಡುತ್ತಿದ್ದಾಳೆ.

ಬಾವನಿಗೆ ನಮಸ್ಕಾರ. ನಿನ್ನ ಮಂಡಿಗೆ ವಿಶೇಷ ನಮಸ್ಕಾರ, ಅದರಿಂದ ಒಂದು ಕೆಲಸವಾಗಬೇಕಿದೆ.

ಸಿಕ್ಕಿಬಿದ್ದ ನಿನ್ನ ತಮ್ಮ,
ನಂಜುಂಡೇಶ

ತಾ.ಕ.: ಶುಕ್ರವಾರ ಮನೆಯಲ್ಲಿರುತ್ತೇನೆ. ರಾಗಿ ಗಂಜಿಯನ್ನು ನೀರಾಗಿ ಕಾಸಿ, ಬಟ್ಟೆಯಲ್ಲಿ ಎರಡು ಸಲ ಸೋಸಿದರೆ ನಳಿಕೆಗೆ ಬಿಡಬಹುದಂತೆ. ಕ್ಯಾರಿಯರ್ ಕಳಿಸಬೇಡ, ನೀನೇ ಬಾ. ನನ್ನ ಬಾಯಿಗೆ ಮೊದಲ ತುತ್ತಿಟ್ಟವಳು ನೀನು ಎಂದು ಅವ್ವ ಹೇಳುತ್ತಿದ್ದಳು. ಇದನ್ನೂ ನೀನೇ ಹುಯ್ಯಬೇಕು. ನನ್ನನ್ನು ಕಂಡು ಬಾಗಿಲಲ್ಲೇ ಅಳಬೇಡ, ಒಳಗೆ ಬಂದು ಅಳು. ರಂಗಸ್ವಾಮಿಗೆ ಚೀಟಿಯಲ್ಲಿ ಹೇಳಿದ್ದೇನೆ: ದಿನಾ ಕ್ಯಾರಿಯರ್ ಕೂರುತ್ತಿದ್ದ ಮುಂದಿನ ಸೀಟು ಅವತ್ತು ನಿನಗೆ.